ಕಣ್ಣು ಇಡದ ದ್ಯಾಮವ್ವ

ನಮ್ಮ ಮನೆಯಲ್ಲಿ ಸೋರದ ಕೋಣೆ ಒಂದೇ ಇತ್ತು, ಅದರಲ್ಲಿ ದೇವರು ಇರುತ್ತಿದ್ದರು. ನಾವು ಪಡಸಾಲೆಯಲ್ಲಿ ಮಲಗುತ್ತಿದ್ದೆವು. ಮಳೆ ಬಂದರೆ ಹಾಸಿಗೆ ಎಳೆದುಕೊಂಡು ಈ ಗೋಡೆಯಿಂದ ಆ ಗೋಡೆಗೆ ಹೋಗುವುದು, ಸೋರುವಲ್ಲಿ ಬೋಗುಣಿ ಇಡುವುದು, ತುಂಬಿದ ಮೇಲೆ ಎದ್ದು ಚೆಲ್ಲಿ ಬರುವುದು, ಇದೇ ನಡೆಯುತ್ತಿತ್ತು. ದೇವರು ಎಂದರೆ ನಮ್ಮ ಮನೆಯ ದೇವರಲ್ಲ, ಊರವರ ದೇವರು. ನಮ್ಮಪ್ಪ ಹನುಮಂತಪ್ಪ ಚಿತ್ರಗಾರ. ಮನೆ ಸವಣೂರಿನಲ್ಲಿ, ಎಲೆತೋಟಗಳ ಕಡೆಗೆ ಇಳಿಯುವ ಓಣಿಯಲ್ಲಿ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರ ಕಡೆಯ ಹಳ್ಳಿಗಳವರು ತಮ್ಮೂರ ದ್ಯಾಮವ್ವನ ಕಟ್ಟಿಗೆಯ ಮೂರ್ತಿಯನ್ನು, ಬಣ್ಣ ಉದುರಿ ಹುಳ ಹಿಡಿದ ಮೇಲೆ, ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತರುತ್ತಿದ್ದರು. ಒಬ್ಬೊಬ್ಬಳು ತಿಂಗಳುಗಟ್ಟಲೆ ಇರುತ್ತಿದ್ದಳು. ಅಪ್ಪ ಹಳೆಯ ಬಣ್ಣ ಕೆರೆದಾಗ ಒಳಗಿನದು ಕಾಣುತ್ತಿತ್ತು. ಗೆದ್ದಲು ತಿಂದ ಮೊಣಕೈ, ಸೀಳು ಬಿಟ್ಟ ಹೊಟ್ಟೆ, ಮೊಳೆ ಹೊಡೆದು ನಿಲ್ಲಿಸಿದ ತೋಳು. ನಾನು ದೇವರನ್ನು ಹಾಗೆ ನೋಡಿ ಬೆಳೆದವಳು. ಅದಕ್ಕೇ ನನಗೆ ಭಕ್ತಿ ಕಡಿಮೆ, ಈಗಲೂ.

ಇದನ್ನೆಲ್ಲ ಬರೆಯುವ ಉಮೇದು ನನಗೆ ಇರಲಿಲ್ಲ. ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಈಚೆಗೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಇದು ನಿಮ್ಮ ಕಡೆಯದಂತೆ ನೋಡು ಎಂದಳು. ಹುಲಿಯ ಮೇಲೆ ಕುಳಿತ ದ್ಯಾಮವ್ವ, ಕಾಲ ಕೆಳಗೆ ಕೋಣ, ಮುಖದಲ್ಲಿ ಕಣ್ಣಿಲ್ಲ. ಕೆಳಗೆ ಬರೆದದ್ದನ್ನು ಅವಳೇ ಓದಿ ಹೇಳಿದಳು. ಕಲಾವಿದ ಬೇಕೆಂದೇ ಕಣ್ಣು ಬರೆಯದೆ ಬಿಟ್ಟಿದ್ದಾನಂತೆ, ಅದರಲ್ಲಿ ದೊಡ್ಡ ಅರ್ಥವಿದೆಯಂತೆ. ಸುಳ್ಳು. ಅದು ನಮ್ಮಪ್ಪ ಮಾಡಿದ್ದು. ಅವನ ಕೈ ನಿಲ್ಲಿಸಿದ ಕೆಲಸ. ಕಣ್ಣು ಇಡಬೇಕೆಂದು ಅವನು ಎಷ್ಟು ಒದ್ದಾಡಿದ ಎನ್ನುವುದನ್ನು ನಾನು ಕಂಡಿದ್ದೇನೆ. ಆ ಒದ್ದಾಟದಲ್ಲಿ ನಮ್ಮ ಮನೆ ಏನಾಯಿತು ಎನ್ನುವುದನ್ನೂ ಕಂಡಿದ್ದೇನೆ.

ಮನೆಯಲ್ಲಿ ನಾವು ನಾಲ್ಕು ಮಂದಿ. ಅಪ್ಪ, ಅವ್ವ ಫಕ್ಕೀರವ್ವ, ಅಪ್ಪನ ತಾಯಿ ಆಯಿ, ನಾನು. ಅಪ್ಪ ಚಿತ್ರಗಾರ ಎಂದು ಹೆಸರು ಅಷ್ಟೆ, ದೇವರನ್ನು ಮಾಡುವುದರಲ್ಲಿ ಎಲ್ಲರ ಕೈಯೂ ಇತ್ತು. ಅವ್ವ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಅಂಟು ಮಾಡುತ್ತಿದ್ದಳು. ಹಳೆಯ ಸೀರೆಯ ಬಟ್ಟೆಯನ್ನು ಆ ಅಂಟಿನಲ್ಲಿ ಅದ್ದಿ ಕಟ್ಟಿಗೆಯ ಮೇಲೆ ಹಚ್ಚುವುದು, ಅದರ ಮೇಲೆ ಬಿಳಿಮಣ್ಣು ಬಳಿಯುವುದು, ಒಣಗಿದ ಮೇಲೆ ಕವಡೆಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡುವುದು. ತಿಕ್ಕುವ ಕೆಲಸ ನನ್ನದು. ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಎರಡೂ ವಿಷ. ಅರದಾಳ ಮುಟ್ಟಿದ ಕೈ ತೊಳೆಯದೆ ರೊಟ್ಟಿಬುಟ್ಟಿಗೆ ಕೈ ಹಾಕಿದರೆ ಆಯಿ ಕುಳಿತಲ್ಲಿಂದಲೇ ಕೋಲು ಬೀಸುತ್ತಿದ್ದಳು, ಅವಳ ಗುರಿ ತಪ್ಪುತ್ತಿರಲಿಲ್ಲ. ಕುಂಚಕ್ಕೆ ಆಡಿನ ಮರಿಯ ಕಿವಿಯ ಕೂದಲು. ಕಪ್ಪಿಗೆ ಔಡಲೆಣ್ಣೆ ದೀಪದ ಕಾಡಿಗೆ. ಆ ಕಾಡಿಗೆಯಲ್ಲಿ ಒಂದು ಪಾಲು ಬೇರೆ ತೆಗೆದು ಚಿಪ್ಪಿನಲ್ಲಿ ಹಾಕಿ ಮೇಲೆ ಇಡುತ್ತಿದ್ದರು. ಅದು ಕಣ್ಣಿಗೆ. ಅದನ್ನು ಅಪ್ಪನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಕಣ್ಣನ್ನು ನಮ್ಮ ಮನೆಯಲ್ಲಿ ಇಡುತ್ತಿರಲಿಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಮುಖಕ್ಕೆ ಕೆಂಪು ವಸ್ತ್ರ ಕಟ್ಟಿ ಕಳಿಸುವುದು. ಅವಳು ಎಲ್ಲಿ ಇರಬೇಕೋ ಅಲ್ಲಿ ಕೂತ ಮೇಲೆ ಆ ಊರವರು ಹೇಳಿ ಕಳಿಸುತ್ತಾರೆ, ಆಗ ಅಪ್ಪ ಹೋಗುತ್ತಾನೆ. ದೇವರು ಮೊದಲು ಕಣ್ಣು ಬಿಟ್ಟ ಜಾಗವೇ ಅವಳ ಜಾಗ, ಇದು ನಮ್ಮವರ ನಂಬಿಕೆ. ನಮ್ಮ ಮನೆಯಲ್ಲಿ ಕಣ್ಣು ಬಿಟ್ಟರೆ ಅವಳು ನಮ್ಮಲ್ಲೇ ಉಳಿದಳು, ಅವಳಿಗೆ ದಿನಾ ನಾವೇ ಎಡೆ ಹಿಡಿಯಬೇಕು. ಗುಡಿಯಲ್ಲಿ ಪರದೆ ಕಟ್ಟಿಸಿ, ಒಳಗೆ ಅಪ್ಪ, ಜೊತೆಗೆ ಕನ್ನಡಿ ಹಿಡಿಯಲು ಮನೆಯ ಒಬ್ಬ ಹುಡುಗಿ, ಇನ್ನೂ ದೊಡ್ಡವಳಾಗದವಳು. ಆ ಹುಡುಗಿ ನಾನು. ಕಣ್ಣು ಇಟ್ಟ ಕೂಡಲೇ ಅಪ್ಪ ಮಗ್ಗುಲಿಗೆ ಸರಿಯುತ್ತಾನೆ, ನಾನು ಕನ್ನಡಿ ಎದುರು ಹಿಡಿಯುತ್ತೇನೆ. ಅವಳ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಅವಳು ತನ್ನನ್ನೇ ನೋಡಿಕೊಳ್ಳಬೇಕು. ಇನ್ನೊಂದು ಕಟ್ಟಳೆ ಇತ್ತು. ದ್ಯಾಮವ್ವರೆಲ್ಲ ಅಕ್ಕತಂಗಿಯರು. ಯಾರ ಮುಖ ಮೊದಲು ಮುಗಿಯಿತೋ ಅವಳು ಅಕ್ಕ. ಅಕ್ಕ ಕಣ್ಣು ಬಿಡುವ ತನಕ ತಂಗಿಗೆ ಕಣ್ಣು ಇಡುವಂತಿಲ್ಲ. ಇಟ್ಟರೆ ಕೈ ಹೋಗುತ್ತದೆ ಎಂದು ಆಯಿ ಹೇಳುತ್ತಿದ್ದಳು. ಯಾರದಾದರೂ ಕೈ ಹೋದದ್ದು ನೋಡಿದ್ದೀಯಾ ಎಂದು ಕೇಳಿದ್ದಕ್ಕೆ ಕೋಲು ಬಂತು.

ಒಂದು ವರ್ಷ ಬೇಸಿಗೆಯಲ್ಲಿ ಬಣ್ಣದ ಕೋಣೆ ಖಾಲಿ ಇತ್ತು. ಅಪ್ಪನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಅವ್ವ ನೀರಿನ ಕೊಡಗಳನ್ನು ಇಡುತ್ತಿದ್ದ ಸಾಗವಾನಿ ಹಲಗೆಯನ್ನು ಎತ್ತಿಕೊಂಡು ಹೋಗಿ ಬಟ್ಟೆ ಹಚ್ಚಿ ಬಿಳಿ ಬಳಿದ. ಯಾರೂ ಹೇಳದೆ, ಯಾವ ಊರಿನದೂ ಅಲ್ಲದೆ, ತನಗೇ ಬೇಕೆಂದು ಮಾಡಿದ ಮೊದಲ ಕೆಲಸ ಅದು. ಹುಲಿ ಬೇಗ ಬಂತು. ಕೋಣ ಬಂತು, ಸೀರೆಯ ಅಂಚು ಬಂತು. ಮುಖ ಬರಲಿಲ್ಲ. ಕಟ್ಟಿಗೆಯ ದೇವರಿಗೆ ಮುಖವನ್ನು ಬಡಿಗ ಮೊದಲೇ ಮಾಡಿಟ್ಟಿರುತ್ತಾನೆ, ಚಿತ್ರಗಾರ ಅದರ ಗುಂಟ ಹೋದರೆ ಆಯಿತು. ಹಲಗೆಯ ಮೇಲೆ ಮುಖವನ್ನು ಅಪ್ಪನೇ ಹುಡುಕಬೇಕಾಯಿತು. ಹಚ್ಚಿದ, ಕೆರೆದ, ಮತ್ತೆ ಬಿಳಿ ಬಳಿದ. ನಾನು ತಿಕ್ಕಿ ತಿಕ್ಕಿ ಬೆರಳು ಸುಲಿದುಕೊಂಡೆ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸರ ಮುಂದೆ ಹೋಗಿ ನಿಂತು ಮುಖ ನೋಡಿ ಬೈಸಿಕೊಂಡು ಬಂದ. ಆಯಿ ಬಾಯಿ ತೆರೆದು ಮಲಗಿದ್ದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಒಲೆ ಊದುವ ಅವ್ವನನ್ನು ನೋಡುತ್ತಿದ್ದ.

"ನನ್ನ ಮಾರಿ ಏನ್ ನೋಡ್ತೀರಿ?" ಅವ್ವ ಕೊಳವೆ ಕೆಳಗಿಟ್ಟು ಕೇಳಿದಳು. "ಒಲ್ಯಾಗ ಕಟಗಿ ಇಲ್ಲ, ಅದನ್ನ ನೋಡ್ರಿ."

"ಸುಮ್ಕಿರ. ಹಂಗ ಇರು, ಅಲುಗ್ಯಾಡಬ್ಯಾಡ."

"ಹಂಗ ಇದ್ರ ರೊಟ್ಟಿ ನಿಮ್ಮ ದ್ಯಾಮವ್ವ ಬಡೀತಾಳೇನು?"

ಕಡೆಗೆ ಒಂದು ದಿನ ಮುಖ ಬಂತು. ಅದು ಅವ್ವನದಲ್ಲ, ಆಯಿಯದಲ್ಲ, ಮೆಣಸಿನಕಾಯಿಯವರದೂ ಅಲ್ಲ. ಊಟದ ನಡುವೆ ಎಬ್ಬಿಸಿದರೆ ಹೆಂಗಸರ ಮುಖ ಹೇಗಾಗುತ್ತದೆಯೋ ಹಾಗಿತ್ತು. ಕಣ್ಣಿನ ಜಾಗದಲ್ಲಿ ಎರಡು ಬಿಳಿ ಮೀನಿನಾಕಾರ ಬಿಟ್ಟು ಅಪ್ಪ ಕುಂಚ ತೊಳೆದಿಟ್ಟ. ಅಂದು ಬಹಳ ಮಾತಾಡಿದ, ಬಹಳ ಉಂಡ. ಆಯಿಯನ್ನು ಎತ್ತಿಕೊಂಡು ಬಂದು ತೋರಿಸಿದ.

"ಹಣಮ್ಯಾ, ಇಕಿ ನಮ್ಮ ಫಕ್ಕೀರವ್ವನ ಹಂಗ ಅದಾಳಲ್ಲೋ, ಸಿಟ್ಟಿಗೆದ್ದಾಗ," ಎಂದಳು ಆಯಿ.

"ನನಗ ಹುಲಿ ಎಲ್ಲೈತ್ರಿ ಅತ್ತಿ ಹತ್ತಾಕ," ಎಂದಳು ಅವ್ವ. "ಒಂದ ಎಮ್ಮಿ ಇದ್ದಿದ್ರ ಸಾಕಾಗಿತ್ತು, ಮಜ್ಜಿಗಿ ಆದ್ರೂ ಆಗ್ತಿತ್ತು."

ಆಗಲೇ ಗುರಾಚಾರ್ರು ಬಂದದ್ದು. ಅವರು ಸವಣೂರಿನವರೇ, ವೈಷ್ಣವರು, ಮನೆತನದಲ್ಲಿ ದೊಡ್ಡ ದೊಡ್ಡ ಪಂಡಿತರು ಆಗಿಹೋಗಿದ್ದರು. ಇವರು ಮಾತ್ರ ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದರು, ತಂದೆಯ ಶ್ರಾದ್ಧಕ್ಕೆ ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಹಳೆಯ ಹಿತ್ತಾಳೆ ದೀಪ, ತೊಟ್ಟಿಲಿನ ಗೊಂಬೆ, ಹರಿದ ಪಟ, ಇಂಥವನ್ನು ಕೂಡಿಹಾಕುವ ಹುಚ್ಚು ಅವರಿಗೆ. ಯಾರೋ ಹೇಳಿದರೆಂದು ನಮ್ಮ ಓಣಿಗೆ ಬಂದರು. ಬಣ್ಣದ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಹನುಮಂತಪ್ಪ, ಇದು ನನಗ ಬೇಕು. ಧಾರವಾಡದಾಗ ಹೊಸಾ ಮನಿ ಕಟ್ಟಸ್ಲಿಕ್ಕೆ ಹತ್ತೇನಿ."

"ಕಣ್ಣ ಇಟ್ಟಿಲ್ರಿ ಆಚಾರ್ರ."

"ಗೊತ್ತದನೋ. ನಾ ಏನು ಹೊರಗಿನಾಂವ ಏನು? ಮನಿ ಮುಗೀಲಿ, ಹೇಳಿ ಕಳಸ್ತೇನಿ. ನೀ ಬಂದು ಅಲ್ಲೇ ಇಡು."

ಊರಿಲ್ಲದ ದೇವಿಗೆ ಒಂದು ಮನೆ ಸಿಕ್ಕಿತು ಎಂದು ಅಪ್ಪ ಒಪ್ಪಿದ. ಅವ್ವನ ಮದುವೆಯ ಸೀರೆಯಲ್ಲಿ ಹಲಗೆಯನ್ನು ಸುತ್ತಿ ಕಳಿಸಿದ. ಸೀರೆ ತಿರುಗಿ ಬರಲಿಲ್ಲ. ಕರೆಯೂ ಬರಲಿಲ್ಲ. ಮಳೆಗಾಲ ಹೋಯಿತು, ಸುಗ್ಗಿ ಹೋಯಿತು. ಧಾರವಾಡಕ್ಕೆ ಹೋಗುವವರ ಕೈಯಲ್ಲಿ ಅಪ್ಪ ಹೇಳಿ ಕಳಿಸುವುದು, ಅವರು ಬಂದು, ಮನೆ ಮುಗಿದಿದೆ, ಹಲಗೆ ಗೋಡೆಗೆ ಹಾಕಿದ್ದಾರೆ, ಕಣ್ಣಿನ ಮಾತು ತೆಗೆದರೆ ಆಚಾರ್ರು ನೋಡೋಣ ಎಂದರು ಎನ್ನುವುದು, ಇದೇ ಆಯಿತು. ಶ್ರಾದ್ಧಕ್ಕೆ ಊರಿಗೆ ಬಂದಾಗಲೂ ಅವರು ನಮ್ಮ ಓಣಿಗೆ ಬರಲಿಲ್ಲ.

ಆ ನಡುವೆ ಹಿರೇಕೆರೂರ ಕಡೆಯ ಒಂದು ಊರಿನ ದ್ಯಾಮವ್ವ ನಮ್ಮಲ್ಲಿ ತಯಾರಾದಳು. ಊರವರು ಕರೆದುಕೊಂಡು ಹೋಗಿ ಕೂರಿಸಿ, ಕಣ್ಣಿಗೆ ಬಾ ಎಂದು ಹೇಳಿ ಕಳಿಸಿದರು. ಅಪ್ಪ ಹೋಗಲಿಲ್ಲ. ಅಕ್ಕನಿಗೆ ಧಾರವಾಡದಲ್ಲಿ ಇನ್ನೂ ಕಣ್ಣಿಲ್ಲ, ತಂಗಿಗೆ ಹೇಗೆ ಇಡಲಿ ಎಂದ. ಊರ ಹಿರಿಯರು ಚಕ್ಕಡಿ ಕಟ್ಟಿಕೊಂಡು ತಾವೇ ಬಂದರು. ಪಡಸಾಲೆಯಲ್ಲಿ ಕೂತರು, ನೀರು ಕುಡಿದರು.

"ಹಲಗಿ ಮ್ಯಾಲಿನ ಚಿತ್ರಕ್ಕೂ ನಮ್ಮವ್ವಗೂ ಏನ್ ಸಂಬಂಧಪಾ?"

"ಎರಡನ್ನೂ ನನ್ನ ಕೈ ಮಾಡೈತಲ್ರಿ ಯಜಮಾನ್ರ."

"ಊರಾಗ ಮಂದಿ ಕಾಯಾಕತ್ತೈತಿ. ದೇವಿ ಮಾರಿಗೆ ವಸ್ತ್ರ ಕಟ್ಕೊಂಡು ಕುಂತಾಳ. ನೀ ಇಲ್ಲಿ ಅಕ್ಕ ತಂಗಿ ಲೆಕ್ಕ ಹಚ್ಚಾಕತ್ತಿ."

"ತಡೀರಿ, ಒಂದು ತಿಂಗಳು ತಡೀರಿ. ಇವತ್ತಲ್ಲ ನಾಳೆ ಆಚಾರ್ರು ಕರೀತಾರ."

ಅವರು ತಡೆಯಲಿಲ್ಲ. ಬೇರೆ ಕಡೆಯಿಂದ ಒಬ್ಬನನ್ನು ಕರೆಸಿ ಡಬ್ಬಿಯ ಎಣ್ಣೆಬಣ್ಣದಲ್ಲಿ ಕಣ್ಣು ಬರೆಸಿದರು. ಕಣ್ಣು ಚೆನ್ನಾಗಿ ಹೊಳೆಯುತ್ತವೆ ಎಂದು ಸುದ್ದಿ ಬಂತು. ಅದೇ ಮನುಷ್ಯ ಮುಂದೆ ಹಾನಗಲ್ಲ ಕಡೆಯ ಊರಿಗೂ ಹೋದ, ಶಿಗ್ಗಾವಿ ಕಡೆಗೂ ಹೋದ. ನಮ್ಮ ಓಣಿಗೆ ದೇವರ ಚಕ್ಕಡಿ ಬರುವುದು ನಿಂತಿತು. ಸೋರದ ಕೋಣೆ ಖಾಲಿಯಾಯಿತು. ಆಯಿಗೆ ದಮ್ಮು, ಮಳೆಯಲ್ಲಿ ಹೆಚ್ಚಾಗುತ್ತಿತ್ತು, ಅವಳನ್ನಾದರೂ ಒಳಗೆ ಮಲಗಿಸೋಣ ಎಂದಳು ಅವ್ವ. ಅಪ್ಪ ಬಿಡಲಿಲ್ಲ, ದೇವರ ಜಾಗ ಎಂದ. ಒಣಗಿದ ಕೋಣೆಯ ಬಾಗಿಲು ಎದುರಿಗೇ ಇತ್ತು, ನಾವು ಅದರ ಮುಂದೆ ತೊಯ್ಯುತ್ತ ಮಲಗುತ್ತಿದ್ದೆವು.

ಹೊಟ್ಟೆಗೆ ಹಾಕಿದವಳು ಅವ್ವ. ಬೆಂಡು ಕೊರೆದು, ಬಣ್ಣದ ಕಾಗದ ಹಚ್ಚಿ ಮದುವೆಗಳಿಗೆ ಬಾಸಿಂಗ ಮಾಡಿಕೊಡುತ್ತಿದ್ದಳು. ಮದುವೆ ಇದ್ದ ತಿಂಗಳು ರೊಟ್ಟಿ, ಇಲ್ಲದ ತಿಂಗಳು ನುಚ್ಚು. ನುಚ್ಚಿಗೆ ಉಪ್ಪು, ಹಸಿಮೆಣಸಿನಕಾಯಿ. ಅಪ್ಪ ನುಚ್ಚಿನ ಗಂಗಾಳದ ಮುಂದೆ ಕೂತು, ಅದರೊಳಗೆ ಬೆರಳಿನಿಂದ ಮೀನಿನಾಕಾರ ತೀಡಿ, ಅಳಿಸಿ, ಮತ್ತೆ ತೀಡುತ್ತಿದ್ದ. ಉಣ್ಣುವುದೂ ಇಲ್ಲ, ಏಳುವುದೂ ಇಲ್ಲ. ಅವ್ವ ನೋಡಿ ನೋಡಿ ಗಂಗಾಳ ಎಳೆದು ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಓಣಿಗೆ ಕಾರು ಬಂತು. ಇಬ್ಬರು ಗಂಡಸರು, ಕೂದಲು ಕತ್ತರಿಸಿದ ಒಬ್ಬ ಹೆಂಗಸು. ಧಾರವಾಡದಲ್ಲಿ ಗುರಾಚಾರ್ರ ಮನೆಯಲ್ಲಿ ಹಲಗೆ ನೋಡಿ ಬಂದವರು. ಅವರೂ ಚಿತ್ರ ಕೂಡಿಹಾಕುವವರೇ, ದೊಡ್ಡ ಮಟ್ಟದಲ್ಲಿ. ಬೆಂಗಳೂರಿನವನೊಬ್ಬ ಮಾತಾಡಿದ.

"ನಮಗೂ ಅಂಥದ್ದೇ ಬೇಕು. ಎಷ್ಟು ಮಾಡಿಕೊಟ್ಟರೂ ತಗೋತೀವಿ. ಆದರೆ ಕಣ್ಣು ಮಾತ್ರ ಬೇಡ. ಆ ಖಾಲಿತನ ಇದೆಯಲ್ಲ, ಅದೇ ಚೆಂದ."

"ಖಾಲಿತನ ಅಂದ್ರ ಏನವಾ?" ಆಯಿ ಮೂಲೆಯಿಂದ ಕೇಳಿದಳು.

"ನಮ್ಮ ಜ್ವಾಳದ ಗಡಗಿ ಐತೆಲ್ರಿ ಅತ್ತಿ, ಹಂಗ," ಎಂದಳು ಅವ್ವ.

ಬಂದವರಿಗೆ ತಿಳಿಯಲಿಲ್ಲ, ನಕ್ಕರು. ಅಪ್ಪ ನಗಲಿಲ್ಲ. ಕಣ್ಣಿಲ್ಲದ್ದು ಅಂದರೆ ಮುಗಿಯದ ಕೆಲಸ, ಮುಗಿಯದ ಕೆಲಸವನ್ನು ಒಂದು ಸಲ ಕಣ್ಣಿಗೆ ಕರೆಯದವರ ಹೊಸ್ತಿಲು ದಾಟಿಸಿ ಇಲ್ಲಿ ಕೂತಿದ್ದೇನೆ, ಇನ್ನೊಮ್ಮೆ ದಾಟಿಸುವುದಿಲ್ಲ ಎಂದ. ಹೆಂಗಸು ಇಂಗ್ಲೀಷಿನಲ್ಲಿ ಏನೋ ಕೇಳಿದಳು, ಅವನು ಏನೋ ಹೇಳಿದ, ಅವರು ಅಪ್ಪನ ಖಾಲಿ ಕೋಣೆಯ ಫೋಟೊ ತೆಗೆದುಕೊಂಡು ಹೋದರು. ಕಾರಿನ ಧೂಳು ಇಳಿಯುವ ಮೊದಲೇ ಜಗಳ ಸುರುವಾಯಿತು. ನಮ್ಮ ಮನೆಯಲ್ಲಿ ಅಂಥ ಜಗಳ ಅದಕ್ಕಿಂತ ಮುಂಚೆ ಆಗಿರಲಿಲ್ಲ.

"ಕಣ್ಣ ಬೇಕು ಅನ್ನಾರಿಗೆ ಇಡಾಂಗಿಲ್ಲ. ಬ್ಯಾಡ ಅನ್ನಾರಿಗೆ ಕೊಡಾಂಗಿಲ್ಲ. ಮತ್ತ ನಿಮ್ಮ ಕೈ ಇರೂದು ಯಾರ ಸಲುವಾಗ್ರಿ?"

"ನಿನಗ ತಿಳ್ಯಾಂಗಿಲ್ಲ."

"ತಿಳ್ಯಾಂಗಿಲ್ಲ ಹೌದು. ಅಂಟು ಕುದಸೂದು ತಿಳೀತೈತಿ, ನುಚ್ಚು ಕುದಸೂದು ತಿಳೀತೈತಿ. ಅಕಿಗೆ ಕಣ್ಣ ಇಲ್ಲ ಅಂತ ಅಳ್ತೀರಿ, ನಮಗ ಕಣ್ಣ ಅದಾವಲ್ಲ, ನಾವು ನೋಡಾಕತ್ತೇವಿ, ಅದು ಕಾಣಾಂಗಿಲ್ಲ ನಿಮಗ?"

ಅಪ್ಪ ಎದ್ದು ಕುಂಚಗಳನ್ನೆಲ್ಲ ಒಲೆಗೆ ಹಾಕಲು ಹೋದ. ಅವ್ವ ಕೈ ಹಿಡಿಯಲಿಲ್ಲ, ಹಾಕ್ರಿ ಎಂದಳು. ಅವನು ಹಾಕಲಿಲ್ಲ. ಒಲೆಯ ಮುಂದೆ ಕೂತು ಅಳತೊಡಗಿದ. ಗಂಡಸು ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ನನಗೆ ಮರುಕ ಬರಲಿಲ್ಲ. ಒಲೆಗೆ ಅಡ್ಡ ಕೂತಿದ್ದಾನೆ, ನುಚ್ಚು ತಳ ಹಿಡಿಯುತ್ತದೆ ಎಂದು ಚಿಂತೆಯಾಯಿತು. ಅವ್ವ ನನ್ನ ಕಡೆ ನೋಡಿ, ಬೇರೆ ದನಿಯಲ್ಲಿ ಹೇಳಿದಳು.

"ಗಂಗಿ ಬೆಳದಾಳ. ಇಂದ ನಾಳೆ ದೊಡ್ಡಾಕಿ ಆಕ್ಕಾಳ. ಆಮ್ಯಾಲೆ ಕನ್ನಡಿ ಯಾರ ಹಿಡೀತಾರ? ಅವ್ರು ಕರ್ಯಾಂಗಿಲ್ರಿ. ನೀವ ಹೋಗ್ರಿ."

ಕರೆಯದೆ ಕಣ್ಣು ಇಡಲು ಹೋಗುವುದು ಎಂದರೆ ಚಿತ್ರಗಾರನಿಗೆ ಅದಕ್ಕಿಂತ ಕೀಳು ಇಲ್ಲ. ಆಯಿ ಬೇಡವೆಂದು ಎದೆ ಬಡಿದುಕೊಂಡಳು. ಅಪ್ಪ ಎರಡು ದಿನ ಬಿಟ್ಟು ಚಿಪ್ಪಿನಲ್ಲಿ ಹೊಸ ಕಾಡಿಗೆ ಕಲಸಿ, ಮೇಲೆ ಎಲೆ ಕಟ್ಟಿ, ಕುಂಚ ಕನ್ನಡಿ ಚೀಲಕ್ಕೆ ಹಾಕಿ, ನನ್ನನ್ನು ಕರೆದುಕೊಂಡು ಯಲವಿಗಿಗೆ ಹೋದ. ಅಲ್ಲಿಂದ ರೈಲು. ಹುಬ್ಬಳ್ಳಿಯಲ್ಲಿ ಇಳಿದು ಮತ್ತೊಂದು ರೈಲು. ನಾನು ಅದಕ್ಕೂ ಮುಂಚೆ ರೈಲು ಹತ್ತಿದವಳಲ್ಲ. ಕಿಟಕಿಯಲ್ಲಿ ನೋಡು ಎಂದು ಅಪ್ಪ ಒಮ್ಮೆಯೂ ಹೇಳಲಿಲ್ಲ. ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲಬಾರದು ಎಂದು, ಗಾಡಿ ಅಲುಗಿದಂತೆಲ್ಲ ತಾನೂ ಅಲುಗುತ್ತ ಕೂತಿದ್ದ.

ಗುರಾಚಾರ್ರ ಮನೆ ದೊಡ್ಡದು. ಅವರು ಒಳ್ಳೆಯವರು, ಸುಳ್ಳು ಯಾಕೆ ಹೇಳಲಿ. ನಮ್ಮನ್ನು ಕಂಡು ಎದ್ದು ಬಂದರು, ನಡುಮನೆಯೊಳಕ್ಕೆ ಕರೆದರು. ಗೋಡೆಯ ಮೇಲೆ ಅವಳು ಇದ್ದಳು. ಧಾರವಾಡದ ಮಳೆಗೆ ಹಲಗೆ ಹಸಿಯಾಗಬಾರದೆಂದು ಬಡಿಗನಿಂದ ಆಳವಾದ ಪೆಟ್ಟಿಗೆ ಮಾಡಿಸಿ ಮುಂದೆ ಗಾಜು ಕೂರಿಸಿ ಬಿಗಿಸಿದ್ದರು. ಗಾಜಿಗೂ ಹಲಗೆಗೂ ನಡುವೆ ಅಂಗೈ ಹಿಡಿಸುವಷ್ಟು ಜಾಗ. ಅಪ್ಪ ಗಾಜಿನ ಮೇಲೆ ಕೈ ಇಟ್ಟು ನಿಂತ. ಆಚಾರ್ರ ಹೆಂಡತಿ ಇಂದಿರಾಬಾಯಿ ನಮಗೆ ನೀರು ತಂದು, ತನ್ನ ಗಂಡನಿಗೆ ಕೇಳಿಸುವಂತೆ ಹೇಳಿದಳು.

"ಬಂದ್ಯಲ್ಲಪಾ, ಛಲೋ ಆತು. ಇದು ಬಂದಾಗಿಂದ ನನಗ ಇಲ್ಲಿ ಕೂಡ್ಲಿಕ್ಕೆ ಆಗವಲ್ದು. ಕುರುಡಿ ಮುಂದ ಕೂತು ಕಾಫಿ ಕುಡದಂಗ ಆಗ್ತದ."

"ನೀ ಒಳಗ ನಡಿ," ಎಂದರು ಆಚಾರ್ರು. ಆಮೇಲೆ ಅಪ್ಪನ ಕಡೆ ತಿರುಗಿ, ಕಣ್ಣು ತಪ್ಪಿಸಿ, ನಿಧಾನವಾಗಿ ಹೇಳಿದರು. "ನೋಡು ಹನುಮಂತಪ್ಪ. ನಾ ಸುಳ್ಳು ಹೇಳಿರಲಿಲ್ಲ, ಕರೀಬೇಕಂತನ ಇದ್ದೆ. ಆದ್ರ ಕಣ್ಣ ಇಟ್ಟ ಮ್ಯಾಲೆ ಅಕಿ ದೇವರು. ಇದು ನಿನಗ ಎಷ್ಟು ಗೊತ್ತದನೋ ನನಗೂ ಅಷ್ಟ ಗೊತ್ತದ. ದೇವರಂದ ಮ್ಯಾಲೆ ದಿನಾ ನೈವೇದ್ಯ ಆಗಬೇಕು. ನಮ್ಮ ದೇವರ ಮನ್ಯಾಗ ಸಾಲಿಗ್ರಾಮ ಅವ. ನಿಮ್ಮಾಕಿ ಕುರಿ ಕೋಳಿ ಕೇಳಾಕಿ. ಯಾರನ್ನ ಯಾರ ಬಾಜೂಕ ಕೂಡಸ್ಲಿ, ನೀನ ಹೇಳು."

"ಹಂಗಾರ ನನಗ ತಿರುಗಿ ಕೊಟ್ಟಬಿಡ್ರಿ."

"ಹೆಂಗ ಕೊಡಲೋ? ಊರೂರಿಂದ ಮಂದಿ ಇದನ್ನ ನೋಡ್ಲಿಕ್ಕೆ ಬರ್ತಾರ. ನನಗೂ ಇದನ್ನ ನೋಡದ ಇದ್ರ ಮುಂಜಾನಿ ಆಗೂದಿಲ್ಲ."

"ಇಕಿಗೆ ಕಣ್ಣ ಬಂದ್ರ ಉಳದಾಕ್ಯಾರಿಗೆ ಬರ್ತಾವ್ರಿ. ಇಲ್ಲಾಂದ್ರ ನನ್ನ ಕೈ ಇಲ್ಲೇ ನಿಂತೈತ್ರಿ ಆಚಾರ್ರ, ಈ ಗ್ವಾಡಿಗೆ."

ಹಾಗೆಂದು ಅಪ್ಪ ಅವರ ಕಾಲು ಹಿಡಿದ. ಕೈಯಲ್ಲಿದ್ದ ಚಿಪ್ಪು ನೆಲದ ಮೇಲೆ ಇಟ್ಟು ಹಿಡಿದ, ಆಗಲೂ ಚೆಲ್ಲಲಿಲ್ಲ. ಆಚಾರ್ರು ಹಿಂದೆ ಸರಿದರು, ಅಪ್ಪ ಮೊಣಕಾಲ ಮೇಲೆ ಹಿಂದೆಯೇ ಹೋದ. ನನಗೆ ನಾಚಿಕೆಯಾಗಿ ಗೋಡೆ ನೋಡುತ್ತ ನಿಂತೆ. ಆಚಾರ್ರು ಅವನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ತಾವು ಆ ಕಡೆ ಈ ಕಡೆ ಅಡ್ಡಾಡಿದರು. ವಕೀಲರಲ್ಲವೇ, ಒಂದು ದಾರಿ ಹುಡುಕಿದರು.

"ಒಂದು ಕೆಲಸ ಮಾಡು. ಗಾಜಿನ ಮ್ಯಾಲೆ ಇಡು. ಗಾಜು ಚಿತ್ರ ಅಲ್ಲ, ಹಂಗಾಗಿ ಅಕಿ ನನ್ನ ಮನ್ಯಾಗ ದೇವರಾಗೂದಿಲ್ಲ. ನೋಡಾವರಿಗೆ ಕಣ್ಣ ಕಾಣ್ತಾವ, ಹಂಗಾಗಿ ನಿನ್ನ ಕೆಲಸ ಮುಗೀತದ. ಏನಂತೀ?"

ಅಪ್ಪ ಎದ್ದು ಗಾಜಿನ ಹತ್ತಿರ ಹೋಗಿ ಬೆರಳಿನಿಂದ ಬಡಿದು ನೋಡಿದ. ಆಮೇಲೆ, ಕೈಕಾಲು ತೊಳೆಯಲು ನೀರು ಎಲ್ಲಿ ಎಂದು ಕೇಳಿದ.

ಇಂದಿರಾಬಾಯಿ ದೀಪ ಹಚ್ಚಿ ತಂದಿಟ್ಟಳು, ಆಚಾರ್ರ ಒಂದು ಧೋತರವನ್ನು ಹಗ್ಗಕ್ಕೆ ಹಾಕಿ ಪರದೆ ಮಾಡಿಕೊಟ್ಟಳು. ಅವರಿಬ್ಬರೂ ಹೊರಗೆ ನಿಂತರು, ಒಳಗೆ ಅಪ್ಪ ಮತ್ತು ನಾನು. ಅಪ್ಪ ಉಸಿರು ಹಿಡಿದು ಎಡಗಣ್ಣು ಇಟ್ಟ. ಉಸಿರು ಬಿಟ್ಟ, ಮತ್ತೆ ಹಿಡಿದು ಬಲಗಣ್ಣು ಇಟ್ಟ. ಎರಡೇ ಎಳೆ, ಎರಡೇ ಬೊಟ್ಟು. ವರ್ಷಗಟ್ಟಲೆ ಕುಂಚ ಹಿಡಿಯದ ಕೈ ಒಂದು ಎಳ್ಳಿನಷ್ಟೂ ನಡುಗಲಿಲ್ಲ. ಅವನ ಮುಖ ಸಡಿಲಾದದ್ದು ನನಗೆ ಕಂಡಿತು. ಎಂದಿನಂತೆ, ಹಿಡಿ ಎಂದು ಹೇಳಿ ಮಗ್ಗುಲಿಗೆ ಸರಿದ. ನಾನು ಕನ್ನಡಿ ಎತ್ತಿ ಹಿಡಿದೆ.

ಮಗ್ಗುಲಿಗೆ ಸರಿದವನು ಅಲ್ಲಿಂದ ತಿರುಗಿ ನೋಡಿದ. ನೋಡಿ ಹಾಗೇ ನಿಂತ. ನಾನು ಅವನ ಮುಖ ನೋಡಿ ಹೆದರಿ, ಅವನ ಕಡೆಗೆ ಬಾಗಿ ನೋಡಿದೆ. ಅಲ್ಲಿಂದ ನೋಡಿದರೆ ಕಣ್ಣುಗಳು ತಮ್ಮ ಜಾಗದಲ್ಲಿರಲಿಲ್ಲ. ಗಾಜಿನ ಮೇಲಿದ್ದವು, ಮುಖ ಹಿಂದೆ ಇತ್ತು. ಎರಡೂ ಕಣ್ಣು ಜಾರಿ ಒಂದು ಮೂಗಿನ ಮೇಲೆ, ಇನ್ನೊಂದು ಕಿವಿಯ ಹತ್ತಿರ ಹೋಗಿ ಕೂತಿದ್ದವು.

"ನಿನಗ ಎಲ್ಲಿ ಕಾಣ್ತಾವ?" ಅಪ್ಪ ಪಿಸುಗುಟ್ಟಿದ.

ನಾನು ನನ್ನ ಜಾಗಕ್ಕೆ ಬಂದು ಕನ್ನಡಿ ಇಳಿಸಿ ನೋಡಿದೆ. "ಹಣಿ ಮ್ಯಾಲೆ ಅದಾವಪ್ಪ."

"ಸರಿ ನೋಡು."

"ಹಣಿ ಮ್ಯಾಲೇನ ಅದಾವ."

ಅವನು ಬಂದು ತಾನು ಮೊದಲು ನಿಂತಿದ್ದ ಜಾಗದಲ್ಲೇ ನಿಂತ. ನಾನು ಬೆಳೆದು ನಿಂತ ಹುಡುಗಿ, ಎತ್ತಿಕೊಂಡು ಎಷ್ಟೋ ವರ್ಷವಾಗಿತ್ತು. ಕಂಕುಳಲ್ಲಿ ಕೈ ಹಾಕಿ ಎತ್ತಿದ. ನನ್ನ ಕೆನ್ನೆ ಅವನ ಕೆನ್ನೆಗೆ ತಾಗುವಷ್ಟು ಎತ್ತಿದ. "ಈಗ?" ಎಂದ.

ಈಗ ಕಣ್ಣುಗಳು ಕಣ್ಣಿನ ಜಾಗದಲ್ಲಿದ್ದವು. ಅವಳು ನಮ್ಮಿಬ್ಬರನ್ನು ನೋಡುತ್ತಿದ್ದಳು. ಭಕ್ತಿ ಕಡಿಮೆ ಎಂದು ಮೊದಲೇ ಹೇಳಿದ್ದೇನೆ, ಆದರೂ ನನ್ನ ಮೈ ಜುಮ್ಮೆಂದಿತು.

"ಈಗ ಸರಿ ಅದಾವ," ಎಂದೆ.

ಹೊರಗಿನಿಂದ ಆಚಾರ್ರು, "ಆತೇನೋ ಹನುಮಂತಪ್ಪ?" ಎಂದು ಕೇಳಿದರು. ಅಪ್ಪನ ತೋಳು ನಡುಗತೊಡಗಿದವು. ತೋಳು ನಡುಗಿದಂತೆ ನಾನು ಕೆಳಗೆ ಮೇಲೆ ಆದೆ, ಅವಳ ಕಣ್ಣು ಹಣೆಗೆ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು. ಕಡೆಗೆ ಕೈ ಸೋತು ನನ್ನನ್ನು ಇಳಿಸಿದ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಎಂಜಲಿನಲ್ಲಿ ತೊಯಿಸಿ, ಹಸಿ ಆರದ ಕಣ್ಣುಗಳನ್ನು, ಬಲಗಣ್ಣು ಮೊದಲು, ಎಡಗಣ್ಣು ಆಮೇಲೆ, ಒರೆಸಿ ತೆಗೆದ. ಗಾಜು ಸ್ವಚ್ಛವಾಗುವ ತನಕ ಒರೆಸಿದ. ಪರದೆ ಸರಿಸಿದ.

"ಯಾಕೋ? ಇಡಲಿಲ್ಲಾ?"

"ಇಟ್ಟಿದ್ನಿರಿ. ನಾ ನಿಂತಲ್ಲಿಗೆ ಅಷ್ಟ ನೋಡ್ತಾಳ್ರಿ ಅಕಿ. ಉಳದ ಮಂದೀಗೆ ಆಗೂದಿಲ್ಲ."

ಆಚಾರ್ರಿಗೆ ತಿಳಿಯಿತೋ ಇಲ್ಲವೋ. ಗಾಜು ನೋಡಿದರು, ಅಪ್ಪನನ್ನು ನೋಡಿದರು. ಇಂದಿರಾಬಾಯಿಯೇ ಮಾತು ತೆಗೆದು, ಬಿಸಿಲಲ್ಲಿ ಬಂದೀರಿ, ಊಟ ಮಾಡಿಕೊಂಡು ಹೋಗಿ ಎಂದಳು.

"ಒಲ್ಲೇನ್ರಿ ಅಕ್ಕಾರ," ಎಂದ ಅಪ್ಪ. "ಕಣ್ಣ ಇಡೂ ತನಕ ಆ ಮನಿ ಅನ್ನ ಮುಟ್ಟೂದು ನಮ್ಮ ಪೈಕಿ ಇಲ್ರಿ."

ಚೀಲ ತೆಗೆದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ ಕೂತ. ನಾನು ಅವನ ಹಿಂದೆ ಬಾಗಿಲ ತನಕ ಹೋದೆ. ನಸುಕಿನಲ್ಲಿ ಯಲವಿಗಿಯಲ್ಲಿ ಒಂದು ಹಿಡಿ ಚುರುಮುರಿ ತಿಂದದ್ದು, ಅಷ್ಟೆ. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಇಂದಿರಾಬಾಯಿ ಹಿತ್ತಲಿನ ಪಡಸಾಲೆಯಲ್ಲಿ ಎಲೆ ಹಾಕಿ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಬಾಗಿಲಲ್ಲಿ ನಿಂತರೆ ಆ ಕಡೆ ಅಪ್ಪನ ಬೆನ್ನು ಕಾಣುತ್ತಿತ್ತು, ಈ ಕಡೆ ಎಲೆ. ನಾನು ಹೋಗಿ ಕೂತೆ. ಬಿಸಿ ಅನ್ನ, ಸಾರು, ಬದನೆಕಾಯಿ ಪಲ್ಯ, ಮೇಲೆ ತುಪ್ಪ. ತುಪ್ಪ ಹಾಕಿದ ಅನ್ನ ತಿಂದು ಎಷ್ಟು ದಿನವಾಗಿತ್ತೋ. ಊಟಕ್ಕ ಬರ್ತಾನೇನು, ನಿಮ್ಮಪ್ಪಗ ಇನ್ನೊಂದು ಮಾತು ಕೇಳು ಎಂದು ಅವಳು ಹೇಳಿದಳು. ಬಾಯಿ ತುಂಬ ಅನ್ನವಿತ್ತು, ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಅವಳು ಇನ್ನಷ್ಟು ಅನ್ನ ತಂದಳು. ನಾನು ಬೇಡವೆನ್ನಲಿಲ್ಲ.